ಮೊದಲ ಹನಿ ಗುರುದೇವಿಯದೇ

ಬೆಳಗಿನ ಐದೂಮುಕ್ಕಾಲು. ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಕೂಲಿಯವರು ನೆರೆಯುವ ಅಡ್ಡಾದಲ್ಲಿ ಜನ ಮೇಸ್ತ್ರಿಯ ದಾರಿ ಕಾಯುತ್ತಿದ್ದಾರೆ. ಚಹಾ ಬಂಡಿಯ ಪಕ್ಕ ಸ್ಟೂಲು ಹಾಕಿಕೊಂಡ ಗುರುದೇವಿ ರಕ್ತಪರೀಕ್ಷೆಯ ಪಟ್ಟಿಗಳ ಹೊಸ ಡಬ್ಬಿ ಒಡೆದು, ಮೊದಲು ತಮ್ಮ ಬೆರಳಿಗೇ ಸೂಜಿ ಚುಚ್ಚಿಕೊಳ್ಳುತ್ತಾರೆ. ಒಂದು ಹನಿ ರಕ್ತ ಕಾಗದದ ಪಟ್ಟಿಯ ಮೇಲೆ ಬೀಳುತ್ತದೆ. ಹತ್ತು ನಿಮಿಷಕ್ಕೆ ತೆಳುವಾದ ಕೆಂಪು ಗೆರೆ ಮೂಡುತ್ತದೆ. "ಬಂತ್ರಿ," ಎಂದು ನಿಟ್ಟುಸಿರು ಬಿಟ್ಟು, ಸಾಲಿನಲ್ಲಿ ಮೊದಲಿಗನಾದ ಗಾರೆ ಕೆಲಸದ ಅಂಬಣ್ಣನನ್ನು ಕರೆಯುತ್ತಾರೆ.

ಗೆರೆ ಮೂಡಿದರೆ ಮೂತ್ರಪಿಂಡ ಸೋಲತೊಡಗಿದೆ ಎಂದರ್ಥ; ರೋಗ ಬಲಿತಷ್ಟೂ ಗೆರೆ ಕಡುವಾಗುತ್ತದೆ. ಬಿಸಿಲಲ್ಲಿ ನೀರಿಲ್ಲದೆ ದುಡಿಯುವವರಿಗೆ ಈ ರೋಗ ಸದ್ದಿಲ್ಲದೆ ಬರುತ್ತದೆ. ಕಾಲು ಬಾತು ಆಸ್ಪತ್ರೆ ಸೇರುವಷ್ಟರಲ್ಲಿ ಕೈಮೀರಿರುತ್ತದೆ. ಗುರುದೇವಿ ರೂಪಿಸಿದ ಪಟ್ಟಿ ವರ್ಷಗಳ ಮೊದಲೇ ಅದನ್ನು ಹಿಡಿಯುತ್ತದೆ. ಅದರೊಳಗೆ ಚಿನ್ನದ ಕಣಗಳಿವೆ, ಒಂದೊಂದೂ ಕೂದಲೆಳೆಯ ಎರಡು ಸಾವಿರದಲ್ಲೊಂದು ಪಾಲು. ಅಷ್ಟು ಸಣ್ಣದಾದರೆ ಚಿನ್ನ ಕೆಂಪಗೆ ಕಾಣುತ್ತದಂತೆ. ಒಂದು ಪಟ್ಟಿಯ ಖರ್ಚು ಎರಡು ಚಹಾದಷ್ಟು. ಮೂರು ಸಾವಿರ ಜನರ ಪರೀಕ್ಷೆ ಮುಗಿದರೆ ಆಸ್ಪತ್ರೆಗಳಲ್ಲಿ ಬಳಸಲು ಸರ್ಕಾರದ ಅನುಮತಿ ಕೇಳಬಹುದು. ದಿನಕ್ಕೆ ನಲವತ್ತರಂತೆ ಹದಿನೆಂಟುನೂರಾಗಿದೆ.

ನಲವತ್ತರ ಗುರುದೇವಿ ಇದೇ ಸೀಮೆಯ ಕಟ್ಟಡಗಳ ತಗಡಿನ ಶೆಡ್ಡುಗಳಲ್ಲಿ ಬೆಳೆದವರು. ತಾಯಿ ಬಂಡೆಮ್ಮ ಯಾದಗಿರಿ ಕಡೆಯಿಂದ ಇಟ್ಟಿಗೆ ಹೊರಲು ಬಂದಾಕೆ. ಸೈಟಿನಲ್ಲಿ ಹೆಣ್ಣುಮಕ್ಕಳಿಗೆ ಪಾಯಖಾನೆ ಇರಲಿಲ್ಲ. "ಅವ್ವ ಮುಂಜಾನಿಂದ ಸಂಜಿ ತನಕ ನೀರು ಮುಟ್ಟತಿದ್ದಿಲ್ರಿ. ನಾನೂ ಹಂಗ ಕಲ್ತೆ," ಎನ್ನುತ್ತಾರೆ. ಸರ್ಕಾರಿ ಶಾಲೆ, ವಿದ್ಯಾರ್ಥಿವೇತನ, ನ್ಯಾನೋ ಎಂಜಿನಿಯರಿಂಗಿನಲ್ಲಿ ಡಾಕ್ಟರೇಟು, ಎಲ್ಲ ಬಂದರೂ ಆ ಚಾಳಿ ಬಿಟ್ಟುಹೋಗಲಿಲ್ಲ.

ಮೂರು ವರ್ಷದ ಹಿಂದಿನ ಮಾತು. ಹೊಸ ಪಟ್ಟಿ ಸರಿಯಿದೆಯೇ ಎಂದು ನೋಡಲು ರೋಗವಿಲ್ಲದವರ ರಕ್ತ ಬೇಕು. ಅದಕ್ಕೆ ಗೆರೆ ಬರಬಾರದು. ಪ್ರಯೋಗಾಲಯದಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟು ತಾವೇ ಎಂದು ಗುರುದೇವಿ ತಮ್ಮ ರಕ್ತವನ್ನೇ ಹಾಕುತ್ತಿದ್ದರು. ಗೆರೆ ಬಂತು. ಪಟ್ಟಿ ಸುಳ್ಳು ಹೇಳುತ್ತಿದೆ ಎಂದು ಎಸೆದರು. ಹೊಸದು ಮಾಡಿದರು, ಮತ್ತೆ ಗೆರೆ. ಐದು ತಿಂಗಳಲ್ಲಿ ಮೂವತ್ತೊಂದು ಸಲ ಕಸದ ಬುಟ್ಟಿ ತುಂಬಿತು. ಎಷ್ಟು ಓದಿದರೂ ಮನುಷ್ಯರಿಗೆ ತಮ್ಮ ಮೇಲೆ ಮಾತ್ರ ಅನುಮಾನ ಬರುವುದಿಲ್ಲ ನೋಡಿ.

ಆ ಬುಟ್ಟಿ ಖಾಲಿ ಮಾಡುತ್ತಿದ್ದ ಹುಸೇನಮ್ಮನಿಗೆ ಸಾಕಾಗಿಹೋಯಿತು. "ದಿನಾ ನಿಮ್ದ ಬೆರಳು ಯಾಕ್ರಿ ಮೇಡಂ? ಇವತ್ತ ನಂದು ಚುಚ್ಚರಿ," ಎಂದು ಕೈಯೊಡ್ಡಿದಳು. ಗೆರೆ ಬರಲಿಲ್ಲ. ಇನ್ನೂ ಆರು ಮಂದಿಯ ರಕ್ತ ಹಾಕಿದರು, ಯಾರದಕ್ಕೂ ಬರಲಿಲ್ಲ. ಮರುದಿನ ಆಸ್ಪತ್ರೆಯ ವರದಿ ಪಟ್ಟಿಯ ಮಾತನ್ನೇ ಹೇಳಿತು. ಗುರುದೇವಿಯ ಮೂತ್ರಪಿಂಡಗಳ ಶಕ್ತಿ ಅರ್ಧಕ್ಕಿಳಿದಿತ್ತು.

"ಮೊದಲ ನನ್ನ ಸಲುವಾಗಿ ಅತ್ತೀನ್ರಿ, ಆಮ್ಯಾಲ ಪಟ್ಟಿ ಸಲುವಾಗಿ. ಖರೆ ಹೇಳೂದನ್ನ ಮೂವತ್ತೊಂದು ಸಲ ಒಗದಿದ್ನಲ್ಲ!"

ಹೋದ ಶಕ್ತಿ ಮರಳುವುದಿಲ್ಲ. ಉಳಿದದ್ದನ್ನು ಔಷಧಿ ಕಾಯುತ್ತಿದೆ. ನಿರೋಗಿಯ ಮಾದರಿಯೆಂದು ಬಳಸುತ್ತಿದ್ದ ರಕ್ತ ಈಗ ರೋಗಿಯ ಮಾದರಿ. ಅದಕ್ಕೇ ಪ್ರತಿ ಡಬ್ಬಿಯ ಮೊದಲ ಹನಿ ಅವರದು. ಅವರಿಗೆ ಗೆರೆ ಬಂದರಷ್ಟೇ ಡಬ್ಬಿ ಸರಿ, ಆಮೇಲೆ ಉಳಿದವರ ಪರೀಕ್ಷೆ.

ಅಂಬಣ್ಣನ ಪಟ್ಟಿ ಖಾಲಿ. "ಏನೂ ಇಲ್ಲ ಅಣ್ಣಾ, ನೀರು ಮಾತ್ರ ಬಿಡಬ್ಯಾಡ," ಎಂದು ಅವನನ್ನು ಕಳಿಸಿ, ತಮ್ಮ ಪಟ್ಟಿಯನ್ನು ನೋಟುಬುಕ್ಕಿನಲ್ಲಿ ಅಂಟಿಸುತ್ತಾರೆ. ಹೋದ ವರ್ಷದ್ದಕ್ಕಿಂತ ಗೆರೆ ತುಸು ಕಡುವಾಗಿದೆ. ಅವರ ಬಗ್ಗೆ ಬರೆಯಲು ಬಂದ ನಾನು ಅದನ್ನು ಗಮನಿಸಿದ್ದು ಅವರ ಕಣ್ಣಿಗೂ ಬೀಳುತ್ತದೆ.

"ಇದು ಪೂರಾ ಕೆಂಪಾಗೂದ್ರೊಳಗ ಪಟ್ಟಿ ನಮ್ಮೂರ ದವಾಖಾನಿ ಮುಟ್ಟಿದ್ರ ಸಾಕ್ರಿ."