ಗುರುವಿನ ಅಮೋನಿಯಾ

ಮೊನ್ನೆ ಪುಣೆ ಹತ್ತಿರದ ನಿಗಡಿಯ ಪಾರ್ಲರಿನಲ್ಲಿ ಪಕ್ಕದವರ ತಲೆಗೆ ಬಣ್ಣ ಹಚ್ಚುತ್ತಿದ್ದರು. ಅಮೋನಿಯಾದ ಘಾಟು ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಬರೀ ಘಾಟಿಗೇ ಬಂತೆಂದು ಹೇಳಲಾರೆ... ನಮ್ಮ ಅಕ್ಕ ನೆನಪಾದರು.

ಒಡಹುಟ್ಟಿದವರಲ್ಲ. ಪುಣೆಯ ಪ್ರಯೋಗಾಲಯದಲ್ಲಿ ನನಗಿಂತ ಹಿರಿಯರು, ಧಾರವಾಡದವರು. ಅಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಗುರುಗ್ರಹದ ಮೇಲೆ ಬಿದ್ದು ಮರಳುವ ಬಿಸಿಲನ್ನು ಬಣ್ಣಬಣ್ಣವಾಗಿ ಬಿಡಿಸಿ, ಎಲ್ಲೆಲ್ಲಿ ಕಪ್ಪು ಗೆರೆ ಬಿದ್ದಿದೆಯೆಂದು ನೋಡುವುದು ಅವರ ಕೆಲಸ. ಅಲ್ಲಿನ ಅನಿಲ ತನಗೆ ಬೇಕಾದ ಬಣ್ಣವನ್ನಷ್ಟೇ ಹೀರಿಕೊಳ್ಳುತ್ತದೆ. ಗೆರೆ ಗಾಢವಾದಷ್ಟೂ ಅನಿಲ ಹೆಚ್ಚು. ಆ ಗೆರೆಗೆ ಮರಾಠಿಯಲ್ಲಿ 'ಶೋಷಣ ರೇಷಾ' ಎನ್ನುತ್ತಾರೆ. ಮೊದಲ ದಿನ ಕೇಳಿ ನಾನು ಕಕ್ಕಾಬಿಕ್ಕಿಯಾದೆ. ಅಕ್ಕ ನಕ್ಕರು.

"ಹೀರೋದಕ್ಕ ಇಲ್ಲಿ ಶೋಷಣ ಅಂತಾರವ್ವಾ. ನಮ್ಮ ಕನ್ನಡದ ಅರ್ಥ ಆಮ್ಯಾಲ ತಿಳೀತದ."

ಗುರುವಿನ ಮೇಲೆ ಅಮೋನಿಯಾ ಎಲ್ಲ ಕಡೆ ಸಮನಾಗಿಲ್ಲ, ಕೆಲವು ಪಟ್ಟೆಗಳಲ್ಲಿ ತೀರಾ ಕಡಿಮೆ ಎಂದು ಅಕ್ಕನ ಅಳತೆ ಹೇಳಿತು. ಪ್ರಯೋಗಾಲಯದ ಮುಖ್ಯಸ್ಥರಾದ ನಮ್ಮ ಸಾಹೇಬರು ಒಪ್ಪಲಿಲ್ಲ. ಉಪಕರಣ ಸರಿಹೊಂದಿಸಿಲ್ಲ, ಮತ್ತೆ ಮಾಡಿ ಎಂದರು. ಅಕ್ಕ ಮಾಡಿದರು. ಮತ್ತೂ ಮಾಡಿದರು. ಉತ್ತರ ಅದೇ ಬಂತು. ಅಷ್ಟರಲ್ಲಿ ಅಕ್ಕನ ಕೆಲಸದ ಅವಧಿ ಮುಗಿಯಿತು. ಮುಂದುವರಿಸಬೇಕಾದ ಸಾಹೇಬರು ಕೈ ಎತ್ತಿಬಿಟ್ಟರು. ಅಕ್ಕ ಗಂಡನ ನೌಕರಿಯಿದ್ದ ಸಾಸವಡಕ್ಕೆ ಹೋಗಿ ಮನೆ ಹಿಡಿದರು.

ಕೆಲ ವರ್ಷದ ಮೇಲೆ ಹೊರದೇಶದವರೂ ಅದನ್ನೇ ಕಂಡರು. ಆಗ ನೋಡಿ, ಸಾಹೇಬರಿಗೆ ಜ್ಞಾನೋದಯವಾಯಿತು. ಅಕ್ಕನ ನಕ್ಷೆಯನ್ನೇ ಪರದೆಯ ಮೇಲೆ ಹಾಕಿ, ನಾವು ಮೊದಲೇ ಕಂಡಿದ್ದೆವು ಎಂದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಆಮೇಲೆ ಅವರು ಅಚ್ಚು ಹಾಕಿಸಿದ ಪ್ರಬಂಧದಲ್ಲಿ ಅಕ್ಕನ ಹೆಸರೇಕಿಲ್ಲ ಎಂದು ಕೇಳಿದೆ. ಅವರು ಬರೀ ಅಳತೆ ಮಾಡಿದವರು ಎಂದರು. ಅಳತೆ ಬಿಟ್ಟರೆ ಆ ವಿದ್ಯೆಯಲ್ಲಿ ಇನ್ನೇನಿದೆ, ಮಣ್ಣು? ಇವತ್ತಿಗೂ ಅವರ ಪಾಠದಲ್ಲಿ ಆ ನಕ್ಷೆ ಬರುತ್ತದೆ.

ಹೋದ ತಿಂಗಳು ಅಕ್ಕನ ಗಂಡನ ಫೋನು ಬಂತು. ಅಕ್ಕ ಹೋಗಿಬಿಟ್ಟಿದ್ದರು... ಮರಾಠಿ ಪೇಪರಿಗೆ ನಿಧನದ ಸುದ್ದಿ ಕೊಡಬೇಕಿತ್ತು.

"ಆಕಿ ಅಲ್ಲಿ ಏನ್ ಮಾಡ್ತಿದ್ಲು ಅಂತ ಒಂದ್ ಸಾಲು ಹಾಕಬೇಕಂತೀನ್ರಿ. ಮಗಳು ಭಾಳ ಹುಡುಕಿದ್ಲು, ಎಲ್ಲೂ ಹೆಸರ ಸಿಗವಲ್ದು."

"ಗುರುಗ್ರಹದ ಅಮೋನಿಯಾ ಅಳೆದವರು ಅಂತ ಹಾಕ್ರಿ," ಎಂದೆ.



"ಎಲ್ಲೂ ಇಲ್ಲದ್ದು ಹೆಂಗ ಹಾಕೋದ್ರಿ? ಮಂದಿ ನಗ್ತಾರ."

ಮರುದಿನದ ಪೇಪರಿನಲ್ಲಿ ಅಕ್ಕನ ಹೆಸರಿನ ಮುಂದೆ 'ಗೃಹಿಣಿ' ಎಂದಷ್ಟೇ ಇತ್ತು.