ಹೊಲಿಗೆ ಯಂತ್ರದ ಅಕ್ಕನಿಗಾಗಿ ನಿಂತ ಬಸ್ಸು

ಗೆಳೆಯರೇ, ಗುಮಾಸ್ತೆ ಕೆಲಸ ಬಿಟ್ಟು, ಊರೂರು ತಿರುಗಿ ಹೊಲಿಗೆ ಯಂತ್ರ ರಿಪೇರಿ ಮಾಡಲು ಶುರುಮಾಡಿ ಇವತ್ತಿಗೆ ಒಂದು ವರ್ಷ! ವರ್ಷವಿಡೀ ಅವಸರವಿಲ್ಲದೆ ಅಲೆದವಳು ಇವತ್ತು ಮಾತ್ರ ಓಡಬೇಕಾಯಿತು. ನಾನು ಗೋಕಾಕ ನಿಲ್ದಾಣ ಮುಟ್ಟುವಷ್ಟರಲ್ಲಿ ಹುಕ್ಕೇರಿ ಬಸ್ಸು ಹೊರಟೇಬಿಟ್ಟಿತ್ತು. ನನ್ನನ್ನು ಕಂಡ ಕಂಡಕ್ಟರ್ ಸೀಟಿ ಊದಿ ನಿಲ್ಲಿಸಿದರು.

ಮುಂದೆ ಕೂತಿದ್ದ ಕಾಕಾ ಒಬ್ಬರು ರೇಗಿದರು: "ಒಬ್ಬಾಕಿ ಸಲುವಾಗಿ ಬಸ್ ನಿಲ್ಲಸ್ತೀರೇನ್ರಿ? ನನಗ ಕಚೇರಿ ಕೆಲಸ ಐತಿ!"

ಹಿಂದಿನಿಂದ ಅಜ್ಜಿಯೊಬ್ಬರು ಎದ್ದು ನಿಂತರು. "ಸುಮ್ಕುಂದ್ರೋ ತಮ್ಮಾ! ಈಕಿ ಬರಲಿಲ್ಲಂದ್ರ ನನ್ನ ಮೊಮ್ಮಗಳ ಮಶೀನ್ ಯಾರು ಚಾಲೂ ಮಾಡ್ತಾರ? ನಾಡದು ಮದುವಿ, ಹನ್ನೆರಡು ಜಂಪರ್ ಹೊಲಿಯೂದೈತಿ!"

ಇಡೀ ಬಸ್ಸು ನಕ್ಕಿತು. ಖುಷಿಗೆ ನಾನು ಕುಣಿಯುವುದೊಂದೇ ಬಾಕಿ.

ಕಾಕಾ ಸರಿದು ಜಾಗ ಕೊಟ್ಟರು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಕೇಳಿದರು: "ನಮ್ಮನ್ಯಾಗಿನ ಮಶೀನೂ ದಾರ ಹರೀತೈತ್ರಿ. ಯಾವಾಗ ಬರ್ತೀರಿ?"

"ನೀವೂ ನನ್ನ ಸಲುವಾಗಿ ಬಸ್ ನಿಲ್ಲಿಸಿದ ದಿನ ಬರ್ತೇನ್ರಿ ಕಾಕಾ" ಎಂದೆ.