ಏಣಿಗೆ ಕಾಯದ ಕಾಲು

ಆಲೂರು ಸೀಮೆಯ ಮಗ್ಗೆಯಿಂದ ತುಸು ಆಚೆ, ಕಾಫಿ ತೋಟದ ನಡುವಿನ ಸಿಮೆಂಟ್ ಕಣದ ಅಂಚಿನಲ್ಲಿ ಬೆಳಗಿನ ಇಬ್ಬನಿ ಇನ್ನೂ ಆರಿಲ್ಲ. ರಾತ್ರಿ ಹೊದಿಸಿದ್ದ ಟಾರ್ಪಾಲನ್ನು ಮಡಚಿ ಮೂಲೆಗಿಟ್ಟ ದ್ಯಾವಯ್ಯ, ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ, ಬರಿಗಾಲಲ್ಲಿ, ಒಣಗಲು ಹರಡಿದ ರೋಬಸ್ಟಾ ಕಾಫಿ ಹಣ್ಣಿನ ಹಾಸಿನೊಳಗೆ ಇಳಿಯುತ್ತಾರೆ. ಹೆಜ್ಜೆ ಎತ್ತುವುದಿಲ್ಲ. ಪಾದವನ್ನು ನೆಲಕ್ಕೆ ಒತ್ತಿ ಎಳೆಯುತ್ತಾರೆ. ಹಿಂದೆ ಒಂದು ಸಾಲು ಮೂಡುತ್ತದೆ, ಅಡಿಯಲ್ಲಿದ್ದ ಹಸಿ ಹಣ್ಣು ಮೇಲೆ ಬರುತ್ತದೆ. ಎಡಗಾಲು ಹೇಳಿದ ಮಾತು ಕೇಳುತ್ತದೆ. ಬಲಗಾಲು ಮಾತ್ರ, ಎದ್ದು ಇನ್ನೂ ಕಾಫಿ ಕುಡಿಯದವರ ಹಾಗೆ ಗೊಣಗುತ್ತಾ ಹಿಂದೆ ಬರುತ್ತದೆ.

"ಬಿಸ್ಲು ಬೀಳೋಗಂಟ ಇದಕ್ಕೆ ಸಿಟ್ಟು ಕಣ್ರೀ. ಆಮ್ಯಾಕೆ ಸರಿಹೋಯ್ತದೆ. ಹನ್ನೆರಡು ವರ್ಷದಿಂದ ನೋಡ್ತಾ ಇವ್ನಿ, ಇದರ ಗುಣ ನಂಗೊತ್ತಿಲ್ವಾ?" ಎನ್ನುತ್ತಾರೆ ದ್ಯಾವಯ್ಯ, ಬೇರೆ ಯಾರದೋ ಕಾಲಿನ ಬಗ್ಗೆ ಚಾಡಿ ಹೇಳುವವರಂತೆ.

ಅಷ್ಟರಲ್ಲಿ ಇಳಿಜಾರಿನ ಕಡೆಯಿಂದ ಒಂದು ಕೂಗು ಬರುತ್ತದೆ. ಉದ್ದನೆಯ 'ಕೂ'. ದ್ಯಾವಯ್ಯನವರ ಕಾಲು ಅಲ್ಲೇ ನಿಲ್ಲುತ್ತದೆ, ಕತ್ತು ಮೇಲಕ್ಕೆ ತಿರುಗುತ್ತದೆ. ಕಣದ ಪಕ್ಕದ ದೊಡ್ಡ ಬಸರಿ ಮರವನ್ನೊಮ್ಮೆ ಬುಡದಿಂದ ತುದಿಯವರೆಗೆ ನೋಡಿ, ಮತ್ತೆ ಸಾಲು ಎಳೆಯುತ್ತಾರೆ.

ಇವರು ಕಣದ ಆಳಾಗಿದ್ದವರಲ್ಲ. ಕೊಯ್ಲು ಮುಗಿಯುತ್ತಾ ಬಂದು ಮಳೆ ಹಿಡಿಯುವ ಮೊದಲು, ಗಿಡಕ್ಕೆ ಬೆಳಕು ಬೀಳಲೆಂದು ನೆರಳಿನ ಮರಗಳ ರೆಂಬೆ ಕಡಿಯುವ ಕೆಲಸವೊಂದಿದೆ. ತೋಟದಲ್ಲಿ ಅದಕ್ಕೆ ಮರಗಸಿ ಎನ್ನುತ್ತಾರೆ. ಆಲೂರು, ಸಕಲೇಶಪುರದ ತೋಟಗಳಲ್ಲಿ ಮರಗಸಿಗೆ ಯಾರು ಬೇಕೆಂದರೆ ಒಂದು ಕಾಲಕ್ಕೆ ದ್ಯಾವಯ್ಯನ ಹೆಸರೇ ಮೊದಲು ಬರುತ್ತಿತ್ತು. ಕೆಳಗೆ ನಿಂತವರ ಎದೆ ಹೊಡೆದುಕೊಳ್ಳುವಂಥ ಎತ್ತರದಲ್ಲಿ ಇವರು ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಿದ್ದರಂತೆ.

"ಮ್ಯಾಲ್ ಕುಂತ್ರೆ ಗಾಳಿನೇ ಬ್ಯಾರೆ ಕಣ್ರೀ. ಸಕಲೇಶ್ಪುರದ ಕಡೆ ಬೆಟ್ಟ ಒಂದರ ಹಿಂದೆ ಒಂದು ಕಾಣ್ತವೆ. ಒಂದ್ ರೆಂಬೆ ತೆಗೆದ್ರೆ ಬೆಳಕು ದಬಾರಂತ ಕೆಳಗೆ ಬೀಳ್ತದೆ, ಅಷ್ಟೂ ಗಿಡ ನಕ್ಕಂಗಾಯ್ತದೆ. ಅದನ್ನ ಮ್ಯಾಲಿಂದಲೇ ನೋಡ್ಬೇಕು. ಕೆಳಗೆ ನಿಂತೋರಿಗೆ ಕಾಣಕ್ಕಿಲ್ಲ."

ಮರಗಸಿಯ ತಂಡಕ್ಕೆಲ್ಲ ಇರುವುದು ಒಂದೇ ಏಣಿ, ಗೆಣ್ಣಿನ ಕವಲುಗಳನ್ನು ಮೆಟ್ಟಿಲಿಗೆಂದು ಉಳಿಸಿಕೊಂಡ ಒಂಟಿ ಬಿದಿರು. ಒಬ್ಬರನ್ನು ಮೊದಲ ಕವಲಿಗೆ ಹತ್ತಿಸಿದ ಮೇಲೆ ಅದು ಇನ್ನೊಂದು ಮರಕ್ಕೆ ಹೋಗುತ್ತದೆ. ಕೆಲಸ ಮುಗಿಸಿದವರು ಮೇಲಿಂದ ಕೂಗು ಹಾಕಬೇಕು. ಸೊಪ್ಪಿನ ಮರೆಯಲ್ಲಿ ಯಾರೂ ಯಾರಿಗೂ ಕಾಣುವುದಿಲ್ಲವಾದ್ದರಿಂದ ಏಣಿಯವರು "ಯಾವ ಮರಾ?" ಎಂದು ಕೇಳುತ್ತಾರೆ. ಮರದ ಹೆಸರು ಹೇಳಿದರೆ "ತಡಿ, ಏಣಿ ತತ್ತೀನಿ" ಎಂಬ ಉತ್ತರ ಬರುತ್ತದೆ. ಏಣಿ ಬರುವತನಕ ಮೇಲಿದ್ದವರು ಕದಲುವಂತಿಲ್ಲ.

ತೊಂಬತ್ತೈದರಲ್ಲಿ, ಮರಗಸಿಯ ಕೊನೆಯ ದಿನ, ದ್ಯಾವಯ್ಯ ಇದೇ ಬಸರಿ ಮರದ ಮೇಲಿದ್ದರು. ಕೆಲಸ ಮುಗಿದ ಖುಷಿಗೆ ಆಳುಗಳ ಲೈನಿನ ಮನೆಗಳ ಮುಂದೆ ಬಾಡೂಟದ ಒಲೆ ಹತ್ತಿತ್ತು, ವಾಸನೆ ಮರದ ತುದಿಗೂ ಬಂದಿತ್ತು. ಏಣಿ ದೂರದ ಹಳ್ಳದ ಹತ್ತಿರ, ಅದನ್ನು ಹೊರುವ ಸಿದ್ದಬಸಪ್ಪನವರ ಬಳಿ ಇತ್ತು. ಕೂಗಿ ಕಾಯುವಷ್ಟು ತಾಳ್ಮೆ ಯಾರಿಗಿದೆ? ಕಾಂಡ ತಬ್ಬಿ ಜಾರಿ, ಕೊನೆಗೆ ತಾವೇ ಕಡಿದು ಹಾಕಿದ್ದ ಹಸಿರು ಸೊಪ್ಪಿನ ರಾಶಿಯ ಮೇಲೆ ಹಾರಿದರು. ಸೊಪ್ಪು ಮೆತ್ತಗೇ ಇತ್ತು, ಅದರ ಕೆಳಗೆ ಹಳೆಯ ಕಾಫಿ ಗಿಡದ ಬೊಡ್ಡೆಯೊಂದಿತ್ತು.

"ಕೂಗಿದ್ರೆ ಓಡ್ಬರ್ತಿದ್ದೆ. ಅವ್ನು ಕೂಗ್ಲೇ ಇಲ್ಲ," ಎನ್ನುತ್ತಾರೆ ಸಿದ್ದಬಸಪ್ಪ. ಈಗಲೂ ಏಣಿ ಹೊರುವವರು ಅವರೇ. ಈ ಮಾತನ್ನು ಅವರು ಅದೆಷ್ಟು ಜನರಿಗೆ ಹೇಳಿದ್ದಾರೋ, ಹೇಳುವಾಗಲೆಲ್ಲ ದನಿ ತಗ್ಗುತ್ತದೆ.

ಬಲಗಾಲಿಗೆ ಮೊದಲು ನಾಟಿ ಕಟ್ಟು ಆಯಿತು. ಊತ ಇಳಿಯದಿದ್ದಾಗ ಹಾಸನಕ್ಕೆ ಹೋದರು. ದೊಡ್ಡ ಮೂಳೆಗಳೆಲ್ಲ ನೆಟ್ಟಗಿದ್ದವು. ಪೆಟ್ಟಾಗಿದ್ದು ಪಾದದ ಕೀಲಿನೊಳಗೆ, ಮೂಳೆಯ ಮೇಲಿನ ನುಣುಪು ಪದರವಾದ ಮೃದ್ವಸ್ಥಿಗೆ. ದ್ಯಾವಯ್ಯ ಅದನ್ನು ತಮಗೆ ತಿಳಿದಂತೆ ಹೇಳುತ್ತಾರೆ: "ಒಳಗೆ ಎಳನೀರು ಗಂಜಿ ಥರ ಇರ್ತದಂತೆ. ಅದರಾಗೆ ಒಂದ್ ಚೂರು ಎದ್ಬುಟ್ಟಿತ್ತು."

ಆಪರೇಷನ್ ಮಾಡಿಸಬಹುದು, ಮಾಡಿಸದೆ ಕಾದೂ ನೋಡಬಹುದು, ಎರಡರಲ್ಲೂ ಮರ ಹತ್ತಿಸುವ ಮಾತು ಮಾತ್ರ ಕೊಡಲಾರೆ ಎಂದರು ಡಾಕ್ಟರು. ದ್ಯಾವಯ್ಯ ಕಾಯುವುದನ್ನು ಆರಿಸಿಕೊಂಡರು. ಏಣಿಗೆ ಕಾಯಲಾರದೆ ಹಾರಿದ ಮನುಷ್ಯ ಕಾಲಿಗಾಗಿ ವರ್ಷಗಟ್ಟಲೆ ಕಾದರು ನೋಡಿ. ಪ್ಲಾಸ್ಟರ್ ಆಯಿತು, ಊರುಗೋಲು ಆಯಿತು. ಆಮೇಲೆ ಕೂತಲ್ಲೇ ಹೆಬ್ಬೆರಳಿನಿಂದ ಗಾಳಿಯಲ್ಲಿ ಸೊನ್ನೆ ಬರೆಯುವ ವ್ಯಾಯಾಮ. ಹಾರಬೇಡಿ, ಇಳಿಜಾರು ಬೇಡ, ಸಮ ನೆಲದಲ್ಲಿ ನಡೆಯಿರಿ ಎಂದರು. ಈ ಸೀಮೆಯಲ್ಲಿ ಸಮ ನೆಲ ಎಲ್ಲಿಂದ ತರುವುದು? ಇಡೀ ತೋಟದಲ್ಲಿ ಇದ್ದದ್ದು ಒಂದೇ, ಕಾಫಿ ಒಣಗಿಸುವ ಕಣ. ತೋಟದ ಲೆಕ್ಕ ನೋಡುವ ರೈಟರ್ ವೀರಯ್ಯ ಅವರನ್ನು ಅಲ್ಲಿಗೆ ಹಾಕಿದರು. "ಒಂದ್ ಸೀಸನ್ ಮಟ್ಟಿಗೆ ಅಂದ್ಕಂಡಿದ್ದೆ. ಅವರೂ ಹಂಗೇ ಅಂದ್ಕಂಡಿದ್ರು," ಎಂದು ವೀರಯ್ಯ ಕನ್ನಡಕ ಒರೆಸಿಕೊಳ್ಳುತ್ತಾರೆ.

ಆ ಒಂದು ಸೀಸನ್ನು ಹಿಗ್ಗುತ್ತಾ ಇಲ್ಲಿಯವರೆಗೆ ಬಂದಿದೆ. ಬಿಸಿಲಿದ್ದಷ್ಟು ಹೊತ್ತೂ ಹಣ್ಣು ತಿರುವಬೇಕು, ಮೋಡ ಕಂಡರೆ ಗುಡ್ಡೆ ಮಾಡಬೇಕು, ಸಂಜೆ ಹೊದಿಸಬೇಕು. ಮಳೆಗಾಲದಲ್ಲಿ ನರ್ಸರಿಯಲ್ಲಿ ಕೂತು ಸಸಿ ಚೀಲಕ್ಕೆ ಮಣ್ಣು ತುಂಬುವ ಕೆಲಸ. ಥಂಡಿಗೆ ಕಾಲು ಬಿಗಿಯುತ್ತದೆ, ಇಳಿಜಾರಿಗೆ ಹೋದ ದಿನ ಊದುತ್ತದೆ. ಉಳಿದಂತೆ ತನ್ನ ಪಾಡಿಗೆ ತಾನಿದೆ. ಅಷ್ಟೂ ವರ್ಷ ದ್ಯಾವಯ್ಯ ಒಳಗೊಳಗೇ ಒಂದು ಆಸೆ ಇಟ್ಟುಕೊಂಡಿದ್ದರು. ಕಾಲು ಪೂರ್ತಿ ಗಟ್ಟಿಯಾದ ದಿನ ಈ ಬಸರಿ ಮರವನ್ನು ಇನ್ನೊಂದು ಸಲ ಹತ್ತಬೇಕು.

ಹೋದ ವಾರ ಹಾಸನದಲ್ಲಿ ಮತ್ತೆ ಎಕ್ಸ್‌ರೇ ತೆಗೆಸಿದರು. ಜೊತೆಗೆ ಹೆಂಡತಿ ಬೆಟ್ಟಮ್ಮ ಇದ್ದರು. ಡಾಕ್ಟರಿಗೆ ಖುಷಿಯೋ ಖುಷಿ. ಎಲ್ಲರಿಗೂ ಹೀಗಾಗುವುದಿಲ್ಲ, ನಿಮ್ಮ ಕೀಲು ಸವೆದಿಲ್ಲ, ಹೆಚ್ಚು ಕಡಿಮೆ ಆಗ ಇದ್ದಂತೆಯೇ ಇದೆ ಎಂದರಂತೆ.

"ಹಂಗಾರೆ ಮರ ಹತ್ತಬೌದಾ ಸಾರ್?" ಎಂದು ಇವರು ಕೇಳಿಯೇ ಬಿಟ್ಟರು.

"ದ್ಯಾವಯ್ಯ, ಈ ಕಾಲು ಉಳಿದಿರೋದೇ ನೀವು ಮರ ಬಿಟ್ಟಿದ್ದಕ್ಕೆ. ಒಂದು ಸಲ ಕವಲಲ್ಲಿ ಸಿಕ್ಕಿ ತಿರುಚಿಕೊಂಡರೆ ಇಷ್ಟು ವರ್ಷ ಕಾಪಾಡಿದ್ದೆಲ್ಲ ಹೋಗುತ್ತೆ. ಇನ್ನು ಆ ಆಸೆ ಬಿಟ್ಟುಬಿಡಿ," ಎಂದರು ಡಾಕ್ಟರು.

"ಬಸ್ಸಲ್ಲಿ ನಮ್ ಯಜಮಾನ್ರು ಕಿಟಕೀಲಿ ಮರ ನೋಡ್ಕಂಡೇ ಬಂದ್ರು," ಎನ್ನುತ್ತಾರೆ ಬೆಟ್ಟಮ್ಮ. ಆಮೇಲೆ ನಗುತ್ತಾ ಸೇರಿಸುತ್ತಾರೆ, "ನನ್ನ ಮದ್ವೆ ಆದ ಮ್ಯಾಲೆ ಒಂದ್ ದಿನಾನೂ ನನ್ನ ಹಂಗೆ ನೋಡಿಲ್ಲ."

ದ್ಯಾವಯ್ಯನವರಿಗೆ ನೋವು ಕಾಲಿನಲ್ಲಿಲ್ಲ. ಕಣದಲ್ಲಿ ನಿಂತು ದಿನವೂ ಆ ಕೂಗು ಕೇಳಬೇಕು, ಅದು ತಮಗಲ್ಲವೆಂದು ಸುಮ್ಮನಿರಬೇಕು. "ಯಾವ ಮರಾ?" ಎಂದು ಅವರನ್ನು ಯಾರೂ ಕೇಳದೆ ಹನ್ನೆರಡು ವರ್ಷವಾಯಿತು.

ಬಿಸಿಲು ಕಣಕ್ಕೆ ಇಳಿದಿದೆ. ಬಲಗಾಲಿನ ಸಿಟ್ಟೂ ಇಳಿದಿದೆ. ಆಚೆ ಕೊಡಲಿಯ ಸದ್ದು ನಿಂತ ಒಂದು ಗಳಿಗೆ ನೋಡಿಕೊಂಡು ದ್ಯಾವಯ್ಯ ಎರಡೂ ಕೈಯನ್ನು ಬಾಯಿಗೆ ಒಡ್ಡುತ್ತಾರೆ. "ಕೂ..." ದನಿ ಮೊದಲು ಒಡೆಯುತ್ತದೆ, ಆಮೇಲೆ ಏರುತ್ತದೆ. ಹಣ್ಣು ಆರಿಸುತ್ತಿದ್ದ ಬೆಟ್ಟಮ್ಮ ಗಾಬರಿಯಿಂದ ತಲೆ ಎತ್ತುತ್ತಾರೆ.

ನಂತರ ಹಳ್ಳದ ಕಡೆಯಿಂದ ಸಿದ್ದಬಸಪ್ಪನವರ ದನಿ ಬರುತ್ತದೆ.

"ಯಾವ ಮರಾ?"

"ಬಸರಿ ಮರಾ!"

ದನಿ ಯಾರದೆಂದು ಸಿದ್ದಬಸಪ್ಪನವರಿಗೆ ತಿಳಿಯದೆ ಇರುತ್ತದೆಯೇ? ಅವರು ಜೋರಾಗಿ ಕೂಗುತ್ತಾರೆ. "ಹಾರ್ಬ್ಯಾಡ ಕಣೋ ಮಾರಾಯ! ತಡಿ, ಏಣಿ ತತ್ತೀನಿ!"

ಕಾಫಿ ಗಿಡಗಳ ಮೇಲೆ ಬಿದಿರಿನ ತುದಿಯೊಂದು ಅಲ್ಲಾಡುತ್ತಾ ಕಣದ ಕಡೆ ಬರುತ್ತಿದೆ. ದ್ಯಾವಯ್ಯ ಅರ್ಧ ಎಳೆದ ಸಾಲಿನ ನಡುವೆ, ಕಾಲು ಕದಲಿಸದೆ, ಕಾಯುತ್ತಾ ನಿಂತಿದ್ದಾರೆ.